ಒಪ್ಪ ಓರಣಕ್ಕೆ ಹಳೇ ಡಬ್ಬವೇ ಸಾಕು

ಬೀರೂರು ದಾಟಿ ತರೀಕೆರೆ ಕಡೆಗೆ ಹೋಗುವ ರೈಲಿನಲ್ಲಿ ಕಿಟಕಿ ಪಕ್ಕ ಕೂತರೆ ಹೊಲಗಳ ಸುತ್ತ ಬಣ್ಣಬಣ್ಣದ ಸೀರೆಗಳು ಕಾಣುತ್ತವೆ. ಕೆಂಪು, ಹಸಿರು, ದೊಡ್ಡ ಹೂವಿನವು, ಜರಿ ಮಾಸಿದವು. ಗೂಟದಿಂದ ಗೂಟಕ್ಕೆ ಬಿಗಿದು ಕಟ್ಟಿದ ಈ ಸೀರೆಬೇಲಿ ಗಾಳಿಗೆ ಪಟಪಟ ಎನ್ನುತ್ತಾ ರಾತ್ರಿ ಹಂದಿಗಳನ್ನು ಬೆದರಿಸುತ್ತದೆ, ಹಗಲು ಕುರಿ ಮೇಕೆಗಳ ಕಣ್ಣಿಗೆ ಬೆಳೆ ಬೀಳದಂತೆ ಮರೆ ಮಾಡುತ್ತದೆ. ಪಾಲಿಯೆಸ್ಟರ್ ಸೀರೆ ನೀರು ಹೀರುವುದಿಲ್ಲ, ಬೇಗ ಕೊಳೆಯುವುದಿಲ್ಲ. ಮಗುವಿಗೆ ಹೊದಿಸಲು, ನೆಲ ಒರೆಸಲು ಅದು ಬಾರದು. ಬೇಲಿಗೆ ಅದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ. ಇದನ್ನು ಯಾವ ತರಬೇತಿ ಶಿಬಿರವೂ ಕಲಿಸಲಿಲ್ಲ. ಹೊಲಕ್ಕೆ ಬೇಲಿ ಬೇಕಿತ್ತು, ಟ್ರಂಕಿನಲ್ಲಿ ಉಡದ ಸೀರೆ ಇತ್ತು, ಅಷ್ಟೇ.

ಮನೆಯೊಳಗಿನ ಒಪ್ಪ ಓರಣಕ್ಕೂ ಇದೇ ಲೆಕ್ಕ ಹೊಂದುತ್ತದೆ. ಮೊದಲು ಕೆಲಸ ಎದುರಿಗೆ ಬರಬೇಕು, ಆಮೇಲೆ ಅದಕ್ಕೆ ತಕ್ಕ ಹಳೇ ಸಾಮಾನನ್ನು ಹುಡುಕಬೇಕು. ಮೊಬೈಲಿನಲ್ಲಿ ಹರಿದಾಡುವ ‘ಕಸದಿಂದ ರಸ’ ವಿಡಿಯೊಗಳಲ್ಲಿ ಇದು ತಿರುವುಮುರುವಾಗಿದೆ. ಅಲ್ಲಿ ಮೊದಲು ಖಾಲಿ ಬಾಟಲಿ ಬರುತ್ತದೆ, ಅದರಿಂದ ಏನು ಮಾಡೋಣ ಎಂಬ ಯೋಚನೆ ಆಮೇಲೆ. ಅಂಟು, ಬಣ್ಣ, ಮಿಂಚಿನ ಪುಡಿ ಎಂದು ನೂರಿನ್ನೂರು ರೂಪಾಯಿ ಖರ್ಚಾಗಿ, ಕೊನೆಗೆ ಷೋಕೇಸಿನಲ್ಲಿ ಧೂಳು ಹಿಡಿಯುವ ಇನ್ನೊಂದು ವಸ್ತು ಹೆಚ್ಚಾಗುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ಹಳೇ ಮನೆಗಳಲ್ಲಿ ಹೆಂಗಸರು ನಡೆಸಿಕೊಂಡು ಬಂದ ಪದ್ಧತಿ ಇದಕ್ಕಿಂತ ಎಷ್ಟೋ ಮೇಲು. ಅದನ್ನು ಇಂದಿನ ಆರ್‌ಸಿಸಿ ಮನೆಗೂ ತರಬಹುದು ಎಂಬುದು ನನ್ನ ಖಚಿತ ನಂಬಿಕೆ.

ಈ ಮೂರೂ ತಾಲ್ಲೂಕುಗಳು ಚಿಕ್ಕಮಗಳೂರು ಜಿಲ್ಲೆಯವು. 1947ರವರೆಗೆ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಆದರೆ ಕಾಫಿ ತೋಟದ ಸಿರಿ ಈ ಕಡೆಗಿಲ್ಲ. ಕಡೂರಿನದು ಬಯಲುಸೀಮೆ: ರಾಗಿ, ತೆಂಗು, ಪದೇ ಪದೇ ಬರ. ತರೀಕೆರೆಯದು ಅರೆಮಲೆನಾಡು: ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯ, ಸುತ್ತ ಅಡಿಕೆ ತೋಟ. ತರೀಕೆರೆಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ಅಜ್ಜಂಪುರದಲ್ಲಿ ಈರುಳ್ಳಿ ಹೊಲಗಳು, ಅಮೃತಮಹಲ್ ರಾಸುಗಳ ತಳಿ ಕೇಂದ್ರ. ಹೀಗಾಗಿ ಇಲ್ಲಿ ಮನೆಯಲ್ಲಿ ಮಿಗುವ ವಸ್ತುಗಳೂ ಇವೇ: ತೆಂಗಿನ ಚಿಪ್ಪು, ನಾರು, ಅಡಿಕೆ ಹಾಳೆ, ಗೋಣಿಚೀಲ, ಈರುಳ್ಳಿಯ ಬಲೆ ಚೀಲ. ಪೇಟೆಯಿಂದ ಬಂದು ಉಳಿದವು ಎಣ್ಣೆ ಡಬ್ಬ, ಹಾರ್ಲಿಕ್ಸ್ ಬಾಟಲಿ, ಡಾಲ್ಡಾ ಡಬ್ಬ.

ಹಳೇ ಮನೆಯ ಒಳಗನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಕಪಾಟು ಅಪರೂಪ. ಗೋಡೆಯಲ್ಲೇ ಗೂಡುಗಳು: ದೀಪಕ್ಕೊಂದು, ಬೆಂಕಿಪೊಟ್ಟಣಕ್ಕೊಂದು, ಎಲೆಅಡಿಕೆ ಸಂಚಿಗೊಂದು. ಗೋಡೆಯ ನೆತ್ತಿಗೆ ಉದ್ದಕ್ಕೆ ಹಾಕಿದ ಹಲಗೆಯೇ ನಾಗಂದಿಗೆ. ವರ್ಷಕ್ಕೊಮ್ಮೆ ಬೇಕಾಗುವ ಹಬ್ಬದ ಪಾತ್ರೆಗಳು ಅಲ್ಲಿ ಬೋರಲು ಬಿದ್ದಿರುತ್ತಿದ್ದವು. ಬಟ್ಟೆ ತಗುಲಿಹಾಕಲು ಗಿಳಿಗೂಟ. ಅಡುಗೆಮನೆಯ ಮೂಲೆಯಲ್ಲಿ ಅಡಕಲು ಗಡಿಗೆ: ಕೆಳಗೆ ದೊಡ್ಡದು, ಅದರ ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು. ಭಾರದ ಕಾಳು, ಅಪರೂಪಕ್ಕೆ ಬೇಕಾಗುವ ದಿನಸಿ ತಳದಲ್ಲಿ, ದಿನಾ ಬೇಕಾದ ಸಾಸಿವೆ, ಮೆಣಸಿನಕಾಯಿ ಮೇಲೆ. ಒಂದಡಿ ನೆಲದಲ್ಲಿ ಆರೇಳು ಬಗೆಯ ದಿನಸಿ ನಿಲ್ಲುತ್ತಿತ್ತು. ಗಡಿಗೆ ಉರುಳದಂತೆ ಅಡಿಯಲ್ಲಿ ಹಳೇ ಬಟ್ಟೆ ಸುತ್ತಿದ ಸಿಂಬೆ.

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೆಲುವು. ತೆಂಗಿನ ನಾರಿನ ಹಗ್ಗವನ್ನು ಬುಟ್ಟಿಯಂತೆ ಹೆಣೆದು ತೊಲೆಯಿಂದ ಇಳಿಬಿಟ್ಟರೆ ಹಾಲು, ಮೊಸರು, ಬೆಣ್ಣೆಯ ಗಡಿಗೆಗಳು ಬೆಕ್ಕಿಗೂ ಇರುವೆಗೂ ಸಿಗದೆ ಗಾಳಿಯಲ್ಲಿ ತಣ್ಣಗಿರುತ್ತಿದ್ದವು. ಇಂದು ‘ಮ್ಯಾಕ್ರಮೆ’ ಎಂಬ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಮಾರುವ, ಕುಂಡ ತೂಗುಹಾಕುವ ಹಗ್ಗದ ಬಲೆಯೂ ಕಟ್ಟುವ ರೀತಿಯಲ್ಲಿ ಇದೇ. ಮನೆಯಲ್ಲಿ ಮಾಡಿಕೊಳ್ಳುವುದು ಕಷ್ಟವೇನಲ್ಲ. ಹಳೇ ಹತ್ತಿ ಸೀರೆಯನ್ನು ಎರಡು ಬೆರಳಗಲ ಉದ್ದುದ್ದಕ್ಕೆ ಸೀಳಿ, ಮೂರೆಳೆ ಜಡೆ ಹಾಕಿ ನಾಲ್ಕು ಹಗ್ಗ ಮಾಡಿಕೊಳ್ಳಿ. ನಾಲ್ಕನ್ನೂ ತುದಿಯಲ್ಲಿ ಸೇರಿಸಿ ಗಂಟು ಹಾಕಿ. ಗಂಟಿನಿಂದ ಒಂದು ಗೇಣು ಮೇಲೆ ಅಕ್ಕಪಕ್ಕದ ಹಗ್ಗಗಳನ್ನು ಎರಡೆರಡಾಗಿ ಕಟ್ಟಿ, ಇನ್ನೊಂದು ಗೇಣು ಮೇಲೆ ಜೋಡಿ ಬದಲಿಸಿ ಮತ್ತೆ ಕಟ್ಟಿ. ಪಾತ್ರೆ ಕೂರುವ ಬಲೆ ಸಿದ್ಧ. ಕಿಟಕಿಯ ಸರಳಿಗೋ ಛಾವಣಿಯ ಕೊಕ್ಕೆಗೋ ತೂಗುಹಾಕಿ ಬೆಳ್ಳುಳ್ಳಿ, ಈರುಳ್ಳಿ, ನಿಂಬೆಹಣ್ಣು ಇಡಿ. ಈರುಳ್ಳಿ ಕೊಯ್ಲಾದ ಮೇಲೂ ಉಸಿರಾಡುತ್ತದೆ, ತೇವ ಬಿಡುತ್ತದೆ. ಗಾಳಿಯಾಡದಿದ್ದರೆ ಬೂಸಲು, ಕೊಳೆ. ಬುಟ್ಟಿಯ ತಳದಲ್ಲಿ ಆಲೂಗಡ್ಡೆಯ ಜೊತೆ ಹಾಕಿಟ್ಟರೆ ಎರಡೂ ಬೇಗ ಕೆಡುತ್ತವೆ. ಅಜ್ಜಂಪುರದ ರೈತರು ಈರುಳ್ಳಿ ಶೆಡ್ಡಿನ ಗೋಡೆಗೆ ಬಿದಿರಿನ ತಡಿಕೆ ಹಾಕಿ ಗಾಳಿಗೆ ದಾರಿ ಬಿಡುವುದೂ ಇದೇ ಕಾರಣಕ್ಕೆ. ಮಾರುಕಟ್ಟೆಯಿಂದ ಬಂದ ಬಲೆ ಚೀಲವನ್ನು ಎಸೆಯದೆ ಮೊಳೆಗೆ ನೇತುಹಾಕಿದರೂ ಕೆಲಸ ಆಗುತ್ತದೆ.

ತೆಂಗಿನ ವಿಷಯಕ್ಕೆ ಬರೋಣ. ತಿಪಟೂರು, ಅರಸೀಕೆರೆಯಂತೆಯೇ ಕಡೂರು, ಬೀರೂರಿನ ಕಡೆಯೂ ಉಂಡೆ ಕೊಬ್ಬರಿಯ ಸೀಮೆ. ಬಲಿತ ಕಾಯಿಯನ್ನು ಎಂಟರಿಂದ ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಟ್ಟು, ಒಳಗಿನ ನೀರು ಆರಿ ಕೊಬ್ಬರಿ ಗಡಗಡ ಅಲ್ಲಾಡಿದ ಮೇಲೆ ಸುಲಿದು ಒಡೆಯುತ್ತಾರೆ. ಆಗ ರಾಶಿ ರಾಶಿ ಚಿಪ್ಪು. ಇದ್ದಿಲಿಗೆಂದು ಚಿಪ್ಪನ್ನು ತೂಕದ ಲೆಕ್ಕದಲ್ಲಿ ಕೊಳ್ಳುವವರು ಇರುವುದರಿಂದ ಈಗ ಯಾರೂ ಅದನ್ನು ದಂಡ ಮಾಡುವುದಿಲ್ಲ. ಆದರೂ ಹತ್ತು ಒಳ್ಳೇ ಚಿಪ್ಪನ್ನು ಮನೆಗೆ ಉಳಿಸಿಕೊಳ್ಳಿ. ಸಣ್ಣ ಗಿಡದ ಕುಂಡಕ್ಕೆ ಕಣ್ಣಿರುವ ಅರ್ಧವನ್ನೇ ಆರಿಸಿ. ಮೂರು ಕಣ್ಣುಗಳಲ್ಲಿ ಒಂದು ಮೆದು, ಮೊಳಕೆ ಹೊರಬರುವುದು ಅಲ್ಲಿಂದಲೇ. ಮೊಳೆಯಿಂದ ಒತ್ತಿದರೆ ತೂತಾಗುತ್ತದೆ, ನೀರು ಬಸಿಯಲು ದಾರಿ ಸಿಕ್ಕಿತು. ಮೇಲಿನ ನಾರನ್ನು ಒಡೆದ ಗಾಜಿನ ಅಂಚಿನಿಂದ ಹೆರೆಯುವುದು ಹಳೇ ರೀತಿ, ಕೈ ಜೋಪಾನ. ಮರಳು ಕಾಗದವಾದರೆ ಇನ್ನೂ ಒಳ್ಳೆಯದು. ನುಣುಪಾದ ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ ತಿಕ್ಕಿದರೆ ಚಿಪ್ಪು ಕಪ್ಪು ಮಿಶ್ರಿತ ಕಂದಾಗಿ ಹೊಳೆಯುತ್ತದೆ. ಬಣ್ಣ ಬಳಿದು ಆ ಚೆಲುವನ್ನು ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ. ಕಣ್ಣಿಲ್ಲದ ಅರ್ಧ ಬಚ್ಚಲ ಸೋಪಿಗೋ ಗುಂಡುಪಿನ್ನಿಗೋ ಆಯಿತು. ಕಾಡಿಗೆ ಡಬ್ಬಿ, ಬಳಪ, ಸೂಜಿ ದಾರ, ಚಿಲ್ಲರೆ ಕಾಸು, ಯಾವುದು ಮನೆಯಲ್ಲಿ ಸದಾ ಕಳೆದುಹೋಗುತ್ತದೋ ಅದಕ್ಕೊಂದು ಚಿಪ್ಪು.

ಇನ್ನು ಕಾಗದದ ಬುಟ್ಟಿ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಮಾಡುವ ಕೈಗಳು ಕಡಿಮೆಯಾಗುತ್ತಿವೆ. ಮಕ್ಕಳ ಹಳೇ ನೋಟ್‌ಬುಕ್ಕು, ಪತ್ರಿಕೆ, ಲಗ್ನಪತ್ರಿಕೆಗಳನ್ನು ಚೂರು ಮಾಡಿ ಮೂರ್ನಾಲ್ಕು ದಿನ ನೀರಿನಲ್ಲಿ ನೆನೆಹಾಕುತ್ತಾರೆ, ದಿನಕ್ಕೊಮ್ಮೆ ನೀರು ಬದಲಿಸುತ್ತಾರೆ. ಇಲ್ಲದಿದ್ದರೆ ನಾತ. ಕಾಗದ ಕೈಗೆ ಬೆಣ್ಣೆಯಂತೆ ಹತ್ತಿದಾಗ ಹಿಂಡಿ ಒರಳಿಗೆ ಹಾಕಿ, ರಾತ್ರಿ ನೆನೆಸಿದ ಮೆಂತ್ಯದ ಜೊತೆ ಕುಟ್ಟಿ ರುಬ್ಬುತ್ತಾರೆ. ಒರಳಿಲ್ಲದವರು ಮೆಂತ್ಯವನ್ನು ಮಿಕ್ಸಿಯಲ್ಲಿ ರುಬ್ಬಿ ಕಾಗದದ ಮುದ್ದೆಗೆ ಕೈಯಿಂದಲೇ ನಾದಬಹುದು. ಒಂದು ಚಿಟಿಕೆ ಅರಿಶಿನ. ಮೆಂತ್ಯದ ಲೋಳೆಯೇ ಇಲ್ಲಿ ಅಂಟು. ಲೋಳೆ ಸಾಲದಾದರೆ ಬುಟ್ಟಿ ಒಣಗುವಾಗ ಬಿರುಕು ಬಿಡುತ್ತದೆ. ಆಮೇಲೆ ತಪ್ಪಲೆಯನ್ನು ಬೋರಲು ಹಾಕಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಮುದ್ದೆಯನ್ನು ತಳದಿಂದ ಅಂಚಿನ ಕಡೆಗೆ ಅಂಗೈಯಿಂದ ತಟ್ಟುತ್ತಾ ಇಳಿಸಬೇಕು. ದಪ್ಪ ಎಲ್ಲ ಕಡೆ ಒಂದೇ ಸಮನಿರಬೇಕು. ಕೈ ಕಲಿತವರು ಬೆರಳ ತುದಿಯಲ್ಲಿ ಒತ್ತಿಯೇ ಎಲ್ಲಿ ತೆಳುವಾಯಿತು ಎಂದು ಹೇಳಿಬಿಡುತ್ತಾರೆ. “ಬಿಸಿಲಿಗೆ ಒಂದೇ ಸಲ ಇಡಬ್ಯಾಡ ಕಣವ್ವ, ಸೀಳ್ತದೆ” ಎನ್ನುವುದು ಹಿರಿಯರ ಮಾತು. ಮೊದಲು ನೆರಳು, ಅರ್ಧ ಆರಿದ ಮೇಲೆ ಬಿಸಿಲು. ಪೂರ್ತಿ ಒಣಗಿ ತಪ್ಪಲೆಯಿಂದ ಕಳಚಿದ ಮೇಲೆ ಒಳಗೂ ಹೊರಗೂ ತೆಳ್ಳಗೆ ಮೆಂತ್ಯದ ಹಿಟ್ಟು ಸವರಿದರೆ ಬುಟ್ಟಿ ಗಟ್ಟಿಮುಟ್ಟು.

ಇದೇ ಮುದ್ದೆಯನ್ನು ಬಿದಿರಿನ ಮೊರಕ್ಕೆ, ಸವೆದ ಬುಟ್ಟಿಗೆ ಮೆತ್ತಿ ಸಂದುಗಳನ್ನು ಮುಚ್ಚುವುದೂ ಉಂಟು. ಆಗ ಹಳೇ ಮೊರ ಇನ್ನೂ ಎಷ್ಟೋ ಕಾಲ ಬಾಳುತ್ತದೆ. ಪತ್ರಿಕೆಯ ಕಾಗದದಲ್ಲಿ ತಿಂಡಿ ಕಟ್ಟಬೇಡಿ, ಮಸಿ ಆಹಾರಕ್ಕೆ ಇಳಿಯುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲೂ 2023ರಲ್ಲೂ ಎಚ್ಚರಿಸಿದೆ. ಹಾಗಾಗಿ ಈ ಬುಟ್ಟಿಯಲ್ಲಿ ರೊಟ್ಟಿ, ಹಪ್ಪಳ ಇಡುವುದು ಬೇಡ. ಔಷಧಿ ಮಾತ್ರೆಗಳ ಹಾಳೆ, ಕರೆಂಟ್ ಬಿಲ್ಲು, ಚಾರ್ಜರ್ ವೈರು, ಮಕ್ಕಳ ಆಟಿಕೆ, ಒಗೆದ ಕಾಲುಚೀಲ, ಇವಕ್ಕೆ ಅದು ಹೇಳಿ ಮಾಡಿಸಿದ್ದು. ಕೆಮ್ಮಣ್ಣು ಬಳಿದು ಸುಣ್ಣದ ಎಳೆ ಬಿಟ್ಟರೆ ನಡುಮನೆಯಲ್ಲಿ ಇಡುವಷ್ಟು ಚೆಂದ ಕಾಣುತ್ತದೆ.

ಡಬ್ಬಗಳ ಕಾಲ ಸೀಮೆಎಣ್ಣೆಯಿಂದ ಶುರುವಾಯಿತು. ನಾಲ್ಕು ಗ್ಯಾಲನ್, ಅಂದರೆ ಸುಮಾರು 18 ಲೀಟರ್ ಹಿಡಿಯುವ ತಗಡಿನ ಡಬ್ಬಗಳು ಖಾಲಿಯಾದ ಮೇಲೆ ನೀರಿನ ಕೊಡವಾದವು, ಧಾನ್ಯದ ಅಳತೆಯಾದವು. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾದ ಹಳದಿ ಡಬ್ಬದಲ್ಲಿ ತುಳಸಿ, ದೊಡ್ಡಪತ್ರೆ ಬೆಳೆಯದ ಮನೆ ಇರಲಿಲ್ಲ ಎನ್ನಬಹುದು. ಈಗ ಹೋಟೆಲು, ಬೇಕರಿಗಳಲ್ಲಿ 15 ಕೆಜಿಯ ಅಡುಗೆ ಎಣ್ಣೆ ಡಬ್ಬ ಕಡಿಮೆ ಬೆಲೆಗೆ ಸಿಗುತ್ತದೆ. ಮೇಲ್ಭಾಗ ಕತ್ತರಿಸಿದಾಗ ಅಂಚು ಕತ್ತಿಯಷ್ಟು ಹರಿತ. ಇಕ್ಕಳದಿಂದ ಒಳಕ್ಕೆ ಮಡಿಸಿ ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಲೇಬೇಕು. ತಗಡಿನ ಕೆಲಸದವರ ಬಳಿ ಕೊಟ್ಟರೆ ಬೆಸುಗೆ ಹಾಕಿ ಮುಚ್ಚಳ, ಹಿಡಿ ಮಾಡಿಕೊಡುತ್ತಾರೆ. ಬಿಸಿನೀರು, ಸೀಗೆಪುಡಿಯಲ್ಲಿ ಜಿಡ್ಡು ತೆಗೆದು ಬಿಸಿಲಿಗಿಟ್ಟು ರಾಗಿ, ಅಕ್ಕಿ ತುಂಬಬಹುದು, ಜೊತೆಗೆ ಒಣಗಿದ ಬೇವಿನ ಸೊಪ್ಪು. ಇಲಿಯ ಹಲ್ಲಿಗೆ ಪ್ಲಾಸ್ಟಿಕ್ ಸಿಗುತ್ತದೆ, ತಗಡು ಸಿಗುವುದಿಲ್ಲ. ಹಳ್ಳಿಮನೆಗೆ ಇದು ಸಣ್ಣ ಮಾತಲ್ಲ. ಡಬ್ಬವನ್ನು ಉದ್ದಕ್ಕೆ ಸೀಳಿ ಮಾಡಿದ ಕಸದ ಮೊರ ಅಂಗಡಿಯ ಪ್ಲಾಸ್ಟಿಕ್ ಮೊರಕ್ಕಿಂತ ಹೆಚ್ಚು ವರ್ಷ ಬರುತ್ತದೆ.

ಸೀರೆಯ ದಾರಿ ಇನ್ನೂ ಉದ್ದ. ಹತ್ತಿ ಸೀರೆ ಉಟ್ಟು ಮೆತ್ತಗಾದ ಮೇಲೆ ಮಗುವಿನ ಜೋಲಿ, ಆಮೇಲೆ ದಿಂಬಿನ ಚೀಲ, ಆಮೇಲೆ ಕೌದಿಯ ಪದರ, ಕೊನೆಗೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ. ಅದೂ ಚಿಂದಿಯಾದರೆ ಜಾತ್ರೆಯ ಪಂಜಿಗೆ. ಪ್ರತಿ ಮೆಟ್ಟಿಲಿನಲ್ಲೂ ಬಟ್ಟೆ ಎಷ್ಟು ಮೆತ್ತಗಾಗಿದೆ, ಎಷ್ಟು ನೀರು ಹೀರುತ್ತದೆ ಎಂದು ನೋಡಿಯೇ ಅದಕ್ಕೆ ಮುಂದಿನ ಕೆಲಸ ಕೊಡುತ್ತಿದ್ದರು. ಸಿಂಥೆಟಿಕ್ ಸೀರೆಗೆ ಈ ದಾರಿ ಒಗ್ಗುವುದಿಲ್ಲ. ಅದನ್ನು ಮಸಿಬಟ್ಟೆ ಮಾಡಿಕೊಂಡರೆ ಗ್ಯಾಸ್ ಒಲೆಯ ಉರಿಗೆ ಕರಗಿ ಕೈಗೆ ಅಂಟುತ್ತದೆ. ದಯವಿಟ್ಟು ಆ ಅಪಾಯ ಬೇಡ. ಜಡೆ ಹಾಕಿ ಸುರುಳಿ ಸುತ್ತಿ ಹೊಲಿದ ಬಾಗಿಲ ಚಾಪೆ, ಕಿಟಕಿಯ ಪರದೆ, ಅಟ್ಟದ ಸಾಮಾನಿನ ಧೂಳುಮುಸುಕು, ಇವು ಅದಕ್ಕೆ ತಕ್ಕ ಕೆಲಸ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಇಂದಿಗೂ ಬೀದಿಗಳಲ್ಲಿ ಬರುತ್ತಾರೆ. ಉಡಲು ಬರುವಂಥದ್ದನ್ನು ಕತ್ತರಿಸುವ ಬದಲು ಅವರಿಗೇ ಕೊಟ್ಟರೆ ಇನ್ನೊಬ್ಬರ ಮೈ ಮುಚ್ಚುತ್ತದೆ.

ಅಲಂಕಾರ ಎಂದಾಗ ನನ್ನ ಮನಸ್ಸಿಗೆ ಬರುವುದು ದಸರಾ ಗೊಂಬೆ. ನಮ್ಮ ಜಾಣ್ಮೆಯನ್ನು ಇಷ್ಟು ಚೆನ್ನಾಗಿ ತೋರಿಸುವ ಹಬ್ಬ ಇನ್ನೊಂದಿಲ್ಲ. ಗೊಂಬೆ ಕೂರಿಸುವ ಮೆಟ್ಟಿಲು ಎಂದರೆ ಟ್ರಂಕುಗಳು, ಬೋರಲು ಹಾಕಿದ ಎಣ್ಣೆ ಡಬ್ಬಗಳು, ಮೇಲೆ ಹಲಗೆ, ಹಲಗೆಯ ಮೇಲೆ ಬಿಳಿ ಪಂಚೆ. ಹಬ್ಬ ಮುಗಿದ ಮೇಲೆ ಎಲ್ಲವೂ ತಂತಮ್ಮ ಜಾಗಕ್ಕೆ. ಕೆಳಗಿನ ‘ಪಾರ್ಕಿಗೆ’ ಹಳೇ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ ವಾರದೊಳಗೆ ಹಸಿರು ಹುಲ್ಲುಹಾಸು. ಖಾಲಿ ಬೆಂಕಿಪೊಟ್ಟಣಗಳು ಮನೆಗಳಾಗುತ್ತವೆ, ಮುರಿದ ಕನ್ನಡಿ ಕೊಳವಾಗುತ್ತದೆ. ಒಡೆದ ಗಾಜಿನ ಬಳೆಗಳಿಂದ ಹೆಣ್ಣುಮಕ್ಕಳು ತೋರಣ ಮಾಡುತ್ತಿದ್ದುದೂ ಹೀಗೆಯೇ. ಬಳೆಚೂರನ್ನು ದೀಪದ ಕುಡಿಗೆ ಹಿಡಿದರೆ ಗಾಜು ಮೆತ್ತಗಾಗಿ ಬಾಗುತ್ತದೆ. ಒಂದರೊಳಗೊಂದು ಕೊಂಡಿ ಹಾಕುತ್ತಾ ಹೋದರೆ ಉದ್ದನೆಯ ಸರಪಳಿ. ಬಾಗಿಲಿಗೆ ಇಳಿಬಿಟ್ಟಾಗ ಸಂಜೆಯ ಬಿಸಿಲು ಅದರಲ್ಲಿ ತೂರಿ ಗೋಡೆಯ ಮೇಲೆ ಹಸಿರು ಕೆಂಪು ಚುಕ್ಕಿಗಳು ಕುಣಿಯುತ್ತಿದ್ದವು. ಇಂದು ಮಕ್ಕಳಿಂದ ಮಾಡಿಸುವುದಾದರೆ ದೊಡ್ಡವರು ಪಕ್ಕದಲ್ಲೇ ಇರಬೇಕು. ಅಂಗಡಿಯಿಂದ ತಂದ ಯಾವ ತೋರಣವೂ ಇದಕ್ಕೆ ಸಾಟಿಯಿಲ್ಲ.

ತರೀಕೆರೆ ಕಡೆ ತೋಟದಲ್ಲಿ ಬೀಳುವ ಅಡಿಕೆ ಹಾಳೆಗೂ ಹೀಗೆಯೇ ಮನೆಯೊಳಗೆ ಕೆಲಸವಿದೆ. ಒಂದು ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ನೀರಿನಲ್ಲಿ ನೆನೆಸಿದರೆ ಚರ್ಮದಂತೆ ಬಾಗುತ್ತದೆ, ಅಂಚು ಮಡಿಸಿ ಕಡ್ಡಿ ಚುಚ್ಚಿ ಒಣಗಿಸಿದರೆ ಹಾಗೇ ಗಟ್ಟಿಯಾಗುತ್ತದೆ. ತರಕಾರಿ ಹೆಚ್ಚುವಾಗ ಸಿಪ್ಪೆ ಹಾಕುವ ತಟ್ಟೆಗೆ, ಬೀಸಣಿಗೆಗೆ, ಹೂ ಬಿಡಿಸುವ ದೊನ್ನೆಗೆ ಇದು ಸಾಕು.

ಎಲ್ಲವನ್ನೂ ಮರುಬಳಕೆ ಮಾಡಬಾರದು ಎಂಬುದನ್ನು ಇಷ್ಟೇ ಗಟ್ಟಿಯಾಗಿ ಹೇಳಬೇಕು. ಕೀಟನಾಶಕ, ಕಳೆನಾಶಕದ ಬಾಟಲಿ ಎಷ್ಟೇ ಗಟ್ಟಿಯಾಗಿರಲಿ, ಎಷ್ಟು ಸಲ ತೊಳೆದಿರಲಿ, ಮನೆಯೊಳಗೆ ಬರಕೂಡದು. ಲೇಬಲ್ಲಿನ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ವಿಷದ ತೀವ್ರತೆಯನ್ನು ತಿಳಿಸುತ್ತದೆ. ಹಸಿರು ಇದ್ದರೂ ಅದು ವಿಷವೇ. ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಡ್ರಮ್ಮಿಗೇ ಸುರಿದು, ಬಾಟಲಿಗೆ ತೂತು ಹೊಡೆದು ಬೇರೆಯವರು ಬಳಸದಂತೆ ಮಾಡಬೇಕು. ಗೊಬ್ಬರದ ಚೀಲಗಳನ್ನು ಬಿಚ್ಚಿ ಹೊಲಿದು ಕಣದಲ್ಲಿ ಹಾಸುವುದು, ಸೌದೆಗೆ ಹೊದಿಸುವುದು ಸರಿ. ಅದರಲ್ಲಿ ಅಕ್ಕಿ, ರಾಗಿ ತುಂಬುವುದು ತಪ್ಪು. ಫ್ಲೆಕ್ಸ್ ಬ್ಯಾನರ್ ಕೊಟ್ಟಿಗೆಯ ಮರೆಗೆ ಆದೀತು, ಹಪ್ಪಳ ಸಂಡಿಗೆ ಒಣಗಿಸಲು ಬೇಡ, ಒಲೆಗಂತೂ ಹಾಕಲೇಬೇಡಿ. ಅದು ಪಿವಿಸಿ, ಸುಟ್ಟರೆ ವಿಷದ ಹೊಗೆ. ಕರ್ನಾಟಕದಲ್ಲಿ 2016ರಿಂದಲೇ ಫ್ಲೆಕ್ಸ್ ನಿಷೇಧದ ಪಟ್ಟಿಯಲ್ಲಿದ್ದರೂ ಊರುಗಳಲ್ಲಿ ಅದಕ್ಕೆ ಬರವಿಲ್ಲ. ನೀರಿನ ಪೆಟ್ ಬಾಟಲಿಗೆ ಬಿಸಿನೀರು, ಬಿಸಿ ಎಣ್ಣೆ ಹಾಕಬಾರದು.

ಇನ್ನೊಂದು ಮುಖ್ಯ ವಿಷಯ ನೀರು. ಕಡೂರಿನ ಕಡೆ ನಲ್ಲಿಗೆ ದಿನ ಬಿಟ್ಟು ದಿನ ನೀರು ಬರುವ ಬೀದಿಗಳಲ್ಲಿ ನೀಲಿ ಡ್ರಮ್ಮು, ಹಳೇ ಬಾನಿ, ಟೈರು ಎಲ್ಲ ಮನೆ ಸುತ್ತ ಇರುತ್ತವೆ. ಡೆಂಗಿ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. 2006ರಲ್ಲಿ ಚಿಕೂನ್‌ಗುನ್ಯಾ ರಾಜ್ಯದ ಊರೂರನ್ನು ಮಲಗಿಸಿದ್ದು ಎಷ್ಟೋ ಮನೆಗಳಿಗೆ ಇನ್ನೂ ನೆನಪಿದೆ. ಟೈರಿನ ಕುಂಡ, ಚಿಪ್ಪಿನ ಕುಂಡ, ಹಕ್ಕಿಗೆ ನೀರಿಡುವ ತಟ್ಟೆ, ಯಾವುದೇ ಆಗಲಿ ತಳದಲ್ಲಿ ತೂತಿರಬೇಕು, ಇಲ್ಲವೇ ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ಒಣಗಿಸಬೇಕು.

ಕೆಲಸ ಸಿಗದ ವಸ್ತುವನ್ನು ‘ಮುಂದೆ ಬೇಕಾದೀತು’ ಎಂದು ಇಟ್ಟುಕೊಂಡರೆ ಅಟ್ಟ ತುಂಬುತ್ತದೆಯೇ ಹೊರತು ಮನೆ ಒಪ್ಪವಾಗುವುದಿಲ್ಲ. ಹಿಂದೆ ಒಂದು ಡಬ್ಬ ಮನೆಗೆ ಬರುವುದೇ ಅಪರೂಪ, ಆದ್ದರಿಂದ ಕೂಡಿಡುವುದು ಜಾಣತನವಾಗಿತ್ತು. ಈಗ ವಾರಕ್ಕೆ ಹತ್ತಾರು ಪೊಟ್ಟಣ, ಬಾಟಲಿ ಬರುತ್ತವೆ. ಉಳಿದದ್ದು ಗುಜರಿ ಅಂಗಡಿಗೆ ಹೋಗಲಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ‘ಸ್ವಚ್ಛ ವಾಹಿನಿ’ ವಾಹನ ಬಂದಾಗ ಒಣಕಸವನ್ನು ತೊಳೆದು, ಬೇರೆ ಮಾಡಿ ಕೊಡಿ. ಅನೇಕ ಕಡೆ ಆ ವಾಹನ ಓಡಿಸುವವರೂ ಕಸ ವಿಂಗಡಿಸುವವರೂ ನಮ್ಮೂರಿನ ಹೆಣ್ಣುಮಕ್ಕಳೇ. ಹಾಲಿನ ಕವರನ್ನು ಜಾಲಿಸಿ ಕೊಟ್ಟರೆ ಅವರ ಕೈಗೆ ನಾತ ಹತ್ತುವುದು ತಪ್ಪುತ್ತದೆ.

ಈ ಭಾನುವಾರ ಒಂದೇ ಒಂದು ಕೆಲಸ ಮಾಡಿ. ಮನೆಯಲ್ಲಿ ದಿನಾ ಹುಡುಕಾಡುವ ವಸ್ತು ಯಾವುದು ಎಂದು ಮನೆಮಂದಿಯನ್ನೆಲ್ಲ ಕೇಳಿ. ಕೀಲಿಕೈಯೋ, ಕನ್ನಡಕವೋ, ಅಜ್ಜನ ಮಾತ್ರೆಯೋ, ಅದಕ್ಕೊಂದು ಚಿಪ್ಪು, ಡಬ್ಬ, ಕಾಗದದ ಬುಟ್ಟಿ ಗೊತ್ತು ಮಾಡಿ, ಇಡುವ ಜಾಗವನ್ನೂ ಗೊತ್ತು ಮಾಡಿ. ಹಾಗೆಯೇ ಅಡುಗೆಮನೆಯಲ್ಲೋ ಬಚ್ಚಲಲ್ಲೋ ಹೊಲದಿಂದ ಬಂದ ಔಷಧಿ ಬಾಟಲಿ ಇದ್ದರೆ ಅದನ್ನು ಇಂದೇ ಹೊರಗೆ ಹಾಕಿ.